ಪಹಣಿ ತಿದ್ದುವ ಅಧಿಕಾರ: ಮಾನ್ವಿ ಸೀಮೆಯ ಪಟವಾರಿಕೆಯಿಂದ ಗಣಕದ ಖಾತೆಯವರೆಗೆ

1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಮಾನ್ವಿ ಸೀಮೆಯ ಹಳ್ಳಿಗಳಲ್ಲಿ ಕಂದಾಯ ವಸೂಲಿ ಮಾಲಿಪಟೇಲನ ಹೊಣೆಯಾಗಿದ್ದರೆ, ಲೆಕ್ಕ ಬರೆಯುವುದು ಪಟವಾರಿಯ ಹಕ್ಕಾಗಿತ್ತು. ಈ ಹುದ್ದೆಗಳು ವತನವಾಗಿ, ಅಂದರೆ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಹಕ್ಕಾಗಿ, ಆಯಾ ಮನೆತನದಲ್ಲೇ ಉಳಿಯುತ್ತಿದ್ದವು. ಯಾವ ಸರ್ವೆ ನಂಬರಿನ ಹೊಲ ಯಾರ ಹೆಸರಿನಲ್ಲಿದೆ, ಅದರಲ್ಲಿ ಯಾವ ಬೆಳೆಯಿದೆ ಎಂಬುದನ್ನು ದಾಖಲಿಸುವ ಪಹಣಿಯು ಪಟವಾರಿಯ ದಫ್ತರದಲ್ಲಿದ್ದುದರಿಂದ, ಅದನ್ನು ತಿದ್ದುವ ಅಧಿಕಾರವೂ ಹುಟ್ಟಿನಿಂದಲೇ ಬರುತ್ತಿತ್ತು.

1956ರಲ್ಲಿ ಮಾನ್ವಿಯನ್ನೊಳಗೊಂಡ ರಾಯಚೂರು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿದ ಮೇಲೆ, 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡವು; ಆ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗ ಬಂದರೂ ಪುಸ್ತಕ ಮಾತ್ರ ಒಬ್ಬನ ಕೈಯಲ್ಲೇ ಉಳಿಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಎರೆಹೊಲಗಳು ಭತ್ತದ ಗದ್ದೆಗಳಾದಂತೆ ಪಹಣಿಯ ಒಂದೊಂದು ನಮೂದಿನ ಬೆಲೆಯೂ ಏರಿತು.

ಕಳೆದ ಶತಮಾನದ ಕೊನೆಗೆ ಆರಂಭವಾದ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ತಾಲ್ಲೂಕು ಕಚೇರಿಯ ಗಣಕಕ್ಕೆ ತಂದು, 15 ರೂಪಾಯಿಗೆ ನಕಲು ದೊರೆಯುವಂತೆ ಮಾಡಿತು. ಖಾತೆ ಬದಲಾವಣೆಗೆ ಒಪ್ಪಿಗೆ ಕೊಡುವ ಅಧಿಕಾರಿಯು ಬೆರಳಚ್ಚು ಒತ್ತಿಯೇ ಗಣಕದೊಳಗೆ ಹೋಗಬೇಕೆಂಬ ನಿಯಮದಿಂದ, ಯಾವ ತಿದ್ದುಪಡಿ ಯಾರದೆಂಬುದು ದಾಖಲೆಯಲ್ಲೇ ನಿಂತಿತು.

ಇದೇ ಕಾಲದ ತಂತ್ರಾಂಶಗಳಲ್ಲಿ ಇದಕ್ಕೆ ವಿರುದ್ಧವಾದ ರೂಢಿಯೊಂದಿತ್ತು. ಸರ್ವರ್ ಎಂದರೆ ಅನೇಕ ಗಣಕಗಳಿಗೆ ಮಾಹಿತಿ ಒದಗಿಸುವ ಕೇಂದ್ರ ಯಂತ್ರ; ಅದರ ತಂತ್ರಾಂಶದೊಂದಿಗೇ ತಯಾರಕರು ಇಟ್ಟು ಕಳುಹಿಸುವ ಬಳಕೆದಾರನ ಹೆಸರೇ ಡಿಫಾಲ್ಟ್ ಖಾತೆ. ಒರೇಕಲ್ ತಂತ್ರಾಂಶದಲ್ಲಿ ‘ಸ್ಕಾಟ್’ ಎಂಬ ಖಾತೆಗೆ ‘ಟೈಗರ್’ ಎಂಬುದೇ ಗುಪ್ತಪದವೆಂದು ಎಲ್ಲರಿಗೂ ತಿಳಿದಿತ್ತು. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ 7ರಲ್ಲಿ ಸರ್ವಾಧಿಕಾರವುಳ್ಳ ‘ಎಸ್‌ಎ’ ಖಾತೆಗೆ ಗುಪ್ತಪದವೇ ಇಲ್ಲದಿರಬಹುದಿತ್ತು. 2002ರ ಮೇ ತಿಂಗಳಲ್ಲಿ ಹಬ್ಬಿದ ‘ಸ್ಪೈಡಾ’ ಎಂಬ ಹುಳು, ಅಂದರೆ ತಾನಾಗಿ ಹರಡುವ ಕುತಂತ್ರಾಂಶ, ಖಾಲಿ ಬಿಟ್ಟಿದ್ದ ಈ ಬಾಗಿಲಿನಿಂದಲೇ ನುಗ್ಗಿತು. ಹಾಗಾಗಿ ಸ್ಥಾಪನೆಯಾದೊಡನೆ ಬೇಡದ ಖಾತೆಗಳನ್ನು ನಿಷ್ಕ್ರಿಯಗೊಳಿಸುವುದು, ತೆಗೆಯಲಾಗದವುಗಳ ಗುಪ್ತಪದ ಬದಲಿಸುವುದು, ಪ್ರತಿ ನೌಕರನಿಗೆ ಅವನ ಕೆಲಸಕ್ಕೆ ತಕ್ಕಷ್ಟೇ ಅಧಿಕಾರವುಳ್ಳ ಸ್ವಂತ ಖಾತೆ ಕೊಟ್ಟು, ವರ್ಗವಾದ ದಿನವೇ ಅದನ್ನು ಮುಚ್ಚುವುದು ನಿರ್ವಹಣೆಯ ಮೊದಲ ಪಾಠಗಳಾದವು.

ಹಳ್ಳಿಯ ವತನ ಒಂದೇ ಕಾಯ್ದೆಯಿಂದ ರದ್ದಾಯಿತು. ತಂತ್ರಾಂಶದೊಂದಿಗೇ ಹುಟ್ಟಿ ಬರುವ ಈ ಅಧಿಕಾರವನ್ನಾದರೋ ಪ್ರತಿ ಕಚೇರಿಯೂ, ಹೊಸ ಸರ್ವರ್ ಬಂದಾಗಲೆಲ್ಲ, ತಾನೇ ರದ್ದುಪಡಿಸಬೇಕಾಗುತ್ತದೆ.