ಶುಶ್ರೂಷಾವಿದ್ಯೆಯ ಚರಿತ್ರೆಯಲ್ಲಿ ಗುರುಶಿಷ್ಯರ ವಿನಯ

ವಿದ್ಯೆಗೆ ವಿನಯವೇ ಭೂಷಣವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಆ ವಿನಯವು ಶಿಷ್ಯರಿಗೆ ಮಾತ್ರ ವಿಧಿಸಲ್ಪಟ್ಟುದೋ, ಗುರುವಿಗೂ ಸಲ್ಲತಕ್ಕದ್ದೋ ಎಂಬುದನ್ನು ವಿಚಾರಿಸುವವರು ವಿರಳರು. ರೋಗಿಗಳ ಪ್ರಾಣವನ್ನು ಕಾಯತಕ್ಕ ದಾದಿಯರ ಶಿಕ್ಷಣದ ಚರಿತ್ರೆಯು ಈ ಪ್ರಶ್ನೆಗೆ ಉತ್ತರವನ್ನು ಕೊಡುತ್ತದೆ.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡು ದೇಶದ ಆಸ್ಪತ್ರೆಗಳಲ್ಲಿ ದಾದಿಯ ವೃತ್ತಿಗೆ ಗೌರವವಿರಲಿಲ್ಲ. ಅದಕ್ಕೆ ಕ್ರಮಬದ್ಧವಾದ ಶಿಕ್ಷಣವೂ ಇರಲಿಲ್ಲ. 1854ರಲ್ಲಿ ಕ್ರಿಮಿಯ ಯುದ್ಧದ ಗಾಯಾಳುಗಳ ಸೇವೆಗೆಂದು ಹೋದ ಫ್ಲಾರೆನ್ಸ್ ನೈಟಿಂಗೇಲರ ಕೀರ್ತಿಯು ದೇಶವನ್ನೆಲ್ಲ ವ್ಯಾಪಿಸಿತು. ಜನರು ಕೃತಜ್ಞತೆಯಿಂದ ಕೂಡಿಸಿದ 44,000 ಪೌಂಡುಗಳಿಗೂ ಮಿಕ್ಕಿದ ನಿಧಿಯಿಂದ, 1860ನೆಯ ಇಸವಿಯಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಪಾಠಶಾಲೆಯು ಪ್ರಾರಂಭವಾಯಿತು. ಶಿಕ್ಷಣದ ಅವಧಿ ಒಂದು ವರ್ಷ. ವಿದ್ಯಾರ್ಥಿನಿಯರಿಗೆ ಊಟ, ವಸತಿ, ಉಡುಪುಗಳೊಡನೆ ಅಲ್ಪವಾದ ವೇತನವೂ ದೊರೆಯುತ್ತಿತ್ತು. ಸಮಯಪಾಲನೆ, ಶಾಂತತೆ, ವಿಶ್ವಾಸಾರ್ಹತೆ, ಶುಚಿತ್ವ ಮೊದಲಾದ ಗುಣಗಳನ್ನು ಕುರಿತು ಪ್ರತಿಯೊಬ್ಬಳ ವಿಷಯದಲ್ಲಿಯೂ ತಿಂಗಳು ತಿಂಗಳಿಗೆ ಒಂದು ಪತ್ರಕವನ್ನು ತುಂಬಿಡುತ್ತಿದ್ದರು. ಶಿಷ್ಯೆಯ ನಡತೆಯನ್ನು ಅಳೆಯುವ ಕೋಲು ಹೀಗೆ ಸಿದ್ಧವಾಯಿತು. ಗುರುವಿನ ನಡತೆಯನ್ನು ಅಳೆಯುವ ಕೋಲಾದರೋ ಇರಲಿಲ್ಲ.

ಇದರ ಫಲವು ಹನ್ನೆರಡು ವರ್ಷಗಳ ತರುವಾಯ ಹೊರಬಿದ್ದಿತು. 1872ರ ಸುಮಾರಿಗೆ ನೈಟಿಂಗೇಲರು ಶಾಲೆಯ ಸ್ಥಿತಿಯನ್ನು ಸ್ವತಃ ವಿಚಾರಿಸಲಾಗಿ, ನಡೆಯಬೇಕಾಗಿದ್ದ ಉಪನ್ಯಾಸಗಳು ಸರಿಯಾಗಿ ನಡೆಯುತ್ತಿರಲಿಲ್ಲವೆಂದು ತಿಳಿದುಬಂದಿತು. ಆಕೆಯು ಶಿಷ್ಯೆಯರನ್ನು ದೂಷಿಸಿ ಸುಮ್ಮನಾಗಲಿಲ್ಲ. ಪಾಠ ಹೇಳಲು ಬೇರೊಬ್ಬ ವೈದ್ಯರು ನಿಯಮಿತರಾದರು. ವಸತಿಗೃಹದಲ್ಲಿ ವಿದ್ಯಾರ್ಥಿನಿಯರ ಓದನ್ನೂ ಯೋಗಕ್ಷೇಮವನ್ನೂ ನೋಡಿಕೊಳ್ಳಲು 'ಹೋಂ ಸಿಸ್ಟರ್' ಎಂಬ ಅಧಿಕಾರಿಣಿಯು ಬಂದಳು. ನೈಟಿಂಗೇಲರು ತಾವೇ ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಮಾತನಾಡಿಸಿದರು. ಅವರೆಲ್ಲರಿಗೂ ಹಿತವಚನದ ಪತ್ರಗಳನ್ನು ಬರೆಯತೊಡಗಿದರು. ಕೇಳುವವರಿದ್ದಲ್ಲಿ ಕಲಿಯುವವರ ಆಸಕ್ತಿಯೂ ಚಿಗುರುವುದು ಸಹಜವಷ್ಟೆ.

ಅಮೆರಿಕದಲ್ಲಿಯೂ ಇಂತಹುದೇ ದೋಷವು ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು. ಆಸ್ಪತ್ರೆಗಳು ವಿದ್ಯಾರ್ಥಿನಿಯರನ್ನು ಅಗ್ಗದ ಆಳುಗಳಂತೆ ದುಡಿಸಿಕೊಂಡು, ಪಾಠವನ್ನು ವಾರ್ಡಿನ ಕೆಲಸಕ್ಕೆ ಬಲಿಗೊಡುತ್ತಿದ್ದವೆಂದು 1923ರಲ್ಲಿ ಪ್ರಕಟವಾದ ಗೋಲ್ಡ್‌ಮಾರ್ಕ್ ವರದಿಯು ತೋರಿಸಿತು. ಇಡೀ ದಿನ ದುಡಿದು ದಣಿದವಳು ತರಗತಿಯಲ್ಲಿ ತೂಕಡಿಸಿದರೆ, ಅದನ್ನು ಅವಿನಯವೆನ್ನುವುದು ನ್ಯಾಯವಲ್ಲ.

ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಅಮೆರಿಕದ ಐಡಾಹೊ ಪ್ರಾಂತದ ಬಾಯ್ಸಿ ವಿಶ್ವವಿದ್ಯಾನಿಲಯದ ಸಿಂಥಿಯಾ ಕ್ಲಾರ್ಕ್ ಎಂಬವರು ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದರು. ತಡವಾಗಿ ಬರುವುದು, ಪಾಠದ ನಡುವೆ ಹರಟುವುದು, ದೂರವಾಣಿಯಲ್ಲಿ ಮಗ್ನರಾಗಿರುವುದು ಮೊದಲಾದವು ಶಿಷ್ಯರ ದೋಷಗಳು. ಹೀಯಾಳಿಸುವುದು, ಅಹಂಕಾರ ತೋರುವುದು, ಸಿದ್ಧತೆಯಿಲ್ಲದೆ ಬರುವುದು ಇವು ಗುರುಗಳ ದೋಷಗಳು. 2008ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಇದನ್ನು ಇಬ್ಬರು ಕೂಡಿ ಆಡುವ ಕುಣಿತಕ್ಕೆ ಹೋಲಿಸಿದರು: ಒಬ್ಬರ ಹೆಜ್ಜೆಯನ್ನು ಇನ್ನೊಬ್ಬರ ಹೆಜ್ಜೆಯು ಅನುಸರಿಸುತ್ತದೆ.

ಇದು ಕೇವಲ ಶಿಷ್ಟಾಚಾರದ ಮಾತಲ್ಲ. ಅದೇ ವರ್ಷ ಅಲ್ಲಿನ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಸಂಸ್ಥೆಯು, ಒರಟು ನಡತೆಯು ಚಿಕಿತ್ಸೆಯಲ್ಲಿ ಪ್ರಮಾದಗಳಿಗೆ ಎಡೆಗೊಡುತ್ತದೆಂದು ಎಚ್ಚರಿಸಿತು. ತರಗತಿಯಲ್ಲಿ ಪ್ರಶ್ನೆ ಕೇಳಿ ಅವಮಾನಪಟ್ಟವಳು, ನಾಳೆ ಔಷಧದ ಪ್ರಮಾಣದಲ್ಲಿ ಸಂಶಯ ಬಂದಾಗಲೂ ಬಾಯಿಬಿಡಲಾರಳು. ಆ ಮೌನದ ಬೆಲೆಯನ್ನು ತೆರತಕ್ಕವನು ಏನೂ ಅರಿಯದ ರೋಗಿ. ಗುರುವು ಶಿಷ್ಯೆಯ ಪ್ರಶ್ನೆಯನ್ನು ಗೌರವಿಸಲಿ, ಶಿಷ್ಯೆಯು ಗುರುವಿನ ಶ್ರಮವನ್ನು ಗೌರವಿಸಲಿ. ಈ ಪರಸ್ಪರ ವಿನಯವು ಪಾಠಶಾಲೆಯಲ್ಲಿ ಮೊಳೆತರೆ, ರೋಗಿಯ ಹಾಸಿಗೆಯ ಬಳಿಯಲ್ಲಿ ಫಲವನ್ನು ಕೊಡುವುದರಲ್ಲಿ ಸಂದೇಹವಿಲ್ಲ.