ಮನೆಯ ಮೊರೆಯೂ ರಾಜ್ಯಾಂಗದ ಮಾತೂ

ರಾಜ್ಯಾಂಗದ ಇತಿಹಾಸವನ್ನು ಶೋಧಿಸಹೊರಟ ಪದವಿ ತರಗತಿಯ ವಿದ್ಯಾರ್ಥಿಯು ಸಾಮಾನ್ಯವಾಗಿ ಮುತ್ಸದ್ದಿಗಳ ಭಾಷಣಗಳನ್ನೂ ನ್ಯಾಯಾಧೀಶರ ತೀರ್ಪುಗಳನ್ನೂ ಮೊದಲು ಕೈಗೆತ್ತಿಕೊಳ್ಳುವನು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಆಟಿಸಂ, ಅಂದರೆ ಸ್ವಲೀನತೆ, ಉಳ್ಳ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದುದು ಹೇಗೆಂದು ಅರಿಯಬೇಕಾದರೆ ಅವನು ತಾಯಿತಂದೆಗಳ ಮನೆಯಿಂದಲೇ ಹೊರಡಬೇಕಾಗುವದು.

1943ರಲ್ಲಿ ಬಾಲ್ಟಿಮೋರ್ ನಗರದ ವೈದ್ಯರಾದ ಲಿಯೋ ಕ್ಯಾನರ್ ಅವರು 11 ಮಕ್ಕಳ ಲಕ್ಷಣಗಳನ್ನು ವಿವರಿಸಿ ಈ ಅವಸ್ಥೆಯನ್ನು ವೈದ್ಯಲೋಕದ ಲಕ್ಷ್ಯಕ್ಕೆ ತಂದರು. ತರುವಾಯ ಕೆಲವು ಪಂಡಿತರು ತಾಯಿಯ ವಾತ್ಸಲ್ಯದ ಕೊರತೆಯೇ ಇದಕ್ಕೆ ಕಾರಣವೆಂದು ಸಾರಿದರು. ಮಗುವಿನ ಚಿಂತೆಯ ಮೇಲೆ ಈ ಅಪವಾದದ ಭಾರವನ್ನೂ ತಾಯಂದಿರು ಹೊರಬೇಕಾಯಿತು. ಸ್ವತಃ ಅಂತಹ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್ ಅವರು 1964ರಲ್ಲಿ ಗ್ರಂಥವೊಂದನ್ನು ಬರೆದು ಆ ವಾದವನ್ನು ಖಂಡಿಸಿದರು. ಮರುವರ್ಷ ಅವರೂ ಇತರ ತಾಯಿತಂದೆಗಳೂ ಕೂಡಿ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಒಂಟಿಯಾಗಿ ನೊಂದವರು ಅಲ್ಲಿ ಒಬ್ಬರಿಗೊಬ್ಬರು ಆಸರೆಯಾದರು.

ಆ ದೇಶದ ರಾಜ್ಯಾಂಗಕ್ಕೆ 1868ರಲ್ಲಿ ಸೇರಿದ 14ನೆಯ ತಿದ್ದುಪಡಿಯು ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ವಾಗ್ದಾನ ಮಾಡಿತ್ತು. 1954ರಲ್ಲಿ ಶ್ರೇಷ್ಠ ನ್ಯಾಯಾಲಯವು ಇದರ ಬಲದಿಂದಲೇ ಶಾಲೆಗಳಲ್ಲಿಯ ವರ್ಣಭೇದವನ್ನು ತಳ್ಳಿಹಾಕಿತು. ಆದರೂ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ, ಐದು ವರ್ಷದ ಬುದ್ಧಿಯ ಮಟ್ಟವನ್ನು ಮುಟ್ಟದ ಮಗುವನ್ನು ಶಾಲೆಯಿಂದ ದೂರವಿಡಲು ಕಾನೂನೇ ಎಡೆಗೊಟ್ಟಿತ್ತು. 1971ರಲ್ಲಿ ಬುದ್ಧಿಮಾಂದ್ಯ ಮಕ್ಕಳ ತಾಯಿತಂದೆಗಳ ಸಂಘವು ಅಲ್ಲಿ ದಾವೆ ಹೂಡಿ, ಇಂತಹ ಮಕ್ಕಳಿಗೂ ಶಿಕ್ಷಣವೀಯುವ ಒಪ್ಪಂದವನ್ನು ನ್ಯಾಯಾಲಯದ ಮುಖಾಂತರ ಪಡೆಯಿತು. 1972ರಲ್ಲಿ ವಾಷಿಂಗ್ಟನ್ ನಗರದ ಮೊಕದ್ದಮೆಯೊಂದರಲ್ಲಿ ಹಣವಿಲ್ಲವೆಂಬ ನೆವವು ಮುಂದೆ ಬಂದಾಗ ನ್ಯಾಯಾಲಯವು ಅದನ್ನು ಒಪ್ಪಲಿಲ್ಲ. ಹಣದ ಕೊರತೆಯುಂಟಾದರೆ ಅದರ ಹೊರೆಯು ಇಂತಹ ಮಕ್ಕಳ ಮೇಲೆಯೇ ಹೆಚ್ಚಾಗಿ ಬೀಳಕೂಡದೆಂದಿತು. ಈ ವ್ಯಾಜ್ಯಗಳು ಆಟಿಸಂ ಒಂದನ್ನೇ ಕುರಿತವುಗಳಲ್ಲದಿದ್ದರೂ ಅವುಗಳ ಫಲವು ಆ ಮಕ್ಕಳಿಗೂ ದೊರೆಯಿತು.

1975ರ ನವೆಂಬರದಲ್ಲಿ ಅಧ್ಯಕ್ಷ ಫೋರ್ಡ್ ಅವರ ಅಂಕಿತದಿಂದ ಅಂಗವಿಕಲ ಮಕ್ಕಳೆಲ್ಲರ ಶಿಕ್ಷಣದ ಕಾಯಿದೆಯು ಹುಟ್ಟಿತು. ಹತ್ತು ಲಕ್ಷ ಮಕ್ಕಳು ಸಾರ್ವಜನಿಕ ಶಾಲೆಯಿಂದ ಪೂರ್ತಿಯಾಗಿ ಹೊರಗುಳಿದಿರುವರೆಂದು ಆ ಕಾಯಿದೆಯೇ ಒಪ್ಪಿಕೊಂಡಿತ್ತು. 1990ರಲ್ಲಿ ಆಟಿಸಂ ಎಂಬ ಹೆಸರು ಅದರಲ್ಲಿ ಪ್ರತ್ಯೇಕವಾಗಿ ಸೇರಿತು. 2017ರಲ್ಲಿ ಆಟಿಸಂ ಉಳ್ಳ ಬಾಲಕನೊಬ್ಬನ ಮೊಕದ್ದಮೆಯಲ್ಲಿ ಶ್ರೇಷ್ಠ ನ್ಯಾಯಾಲಯವು ಹೆಸರಿಗೆ ಮಾತ್ರದ ಪ್ರಗತಿಯು ಸಾಲದೆಂದು ಏಕಮತದಿಂದ ವಿಧಿಸಿತು. ಆದರೆ ಹೆಚ್ಚಿನ ವೆಚ್ಚದಲ್ಲಿ ಕೇಂದ್ರ ಸರಕಾರವು ಕೊಡಬಹುದೆಂದು 1975ರಲ್ಲಿ ನಿಗದಿಯಾದ ನೂರಕ್ಕೆ 40ರ ಪಾಲು ಇಂದಿನವರೆಗೂ ಪೂರ್ತಿಯಾಗಿ ಸಂದಿಲ್ಲ.

ಭರತಖಂಡದಲ್ಲಿಯೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಆಟಿಸಂ ಅನ್ನು ಹೆಸರಿಸಿರುವದು. ಆದುದರಿಂದ ತರುಣ ಶೋಧಕರು ತೀರ್ಪಿನ ಪುಟಗಳೊಡನೆ ತಾಯಿತಂದೆಗಳ ಸಂಘಗಳ ಕಾಗದಪತ್ರಗಳನ್ನೂ ಓದತಕ್ಕದ್ದು. ರಾಜ್ಯಾಂಗದಲ್ಲಿ ಸಮಾನತೆಯ ಮಾತು ಮೊದಲೇ ಇದ್ದಿತು. ಅದನ್ನು ಮಗುವಿನವರೆಗೆ ಕೊಂಡೊಯ್ದವರು ಒಬ್ಬರ ಕೈಯನ್ನೊಬ್ಬರು ಹಿಡಿದ ಮನೆಯವರು. ಅಂತಹ ಮನೆಗಳಿಗೆ ನೆರೆಯವರ ಆಸರೆಯೂ ದೊರೆತರೆ ಅವರ ದಾರಿಯು ಸ್ವಲ್ಪ ಸುಗಮವಾದೀತು.