ಘಟ್ಟದ ಹಾದಿಯ ತಂಗುದಾಣಗಳು: ಛತ್ರದಿಂದ ಟೈಮ್‌ಶೇರ್‌ವರೆಗೆ

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳು ಕರಾವಳಿಗೂ ಘಟ್ಟಕ್ಕೂ ನಡುವಿನ ಸೀಮೆ. ಮಂಗಳೂರು, ಪಾಣೆಮಂಗಳೂರು ಕಡೆಯಿಂದ ಹೊರಟವರು ಪುತ್ತೂರು, ಜಾಲ್ಸೂರು, ಸುಳ್ಯ ದಾಟಿ, ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಸೇರುತ್ತಿದ್ದರು. ಘಟ್ಟದ ಮೇಲಿನ ಕಾಫಿ ಇದೇ ದಾರಿಯಲ್ಲಿ ಇಳಿದು ಮಂಗಳೂರಿನ ಸಂಸ್ಕರಣ ಕೇಂದ್ರಗಳಿಗೆ ಹೋಗುತ್ತಿತ್ತು. ಉಪ್ಪು, ಒಣಮೀನು ಮೇಲಕ್ಕೆ ಹತ್ತುತ್ತಿದ್ದವು. ಸುಳ್ಯದಿಂದ ಪೈಚಾರು, ಸೋಣಂಗೇರಿ ಮಾರ್ಗವಾಗಿ ಬೆಳ್ಳಾರೆಗೆ ಹೋಗುವ ಒಳದಾರಿಯಲ್ಲಿ ಸಿಗುವ ಊರು ಐವರ್ನಾಡು. ಪಂಚಲಿಂಗೇಶ್ವರ ದೇವಸ್ಥಾನ, ಅಡಿಕೆ ತೋಟ, ರಬ್ಬರ್ ತೋಟ ಇರುವ ಈ ಊರು ಯಾವ ಕಾಲದಲ್ಲೂ ಪ್ರವಾಸಿ ತಾಣ ಎನಿಸಿಕೊಂಡದ್ದಿಲ್ಲ. ಆದರೆ ದಾರಿಹೋಕರಿಗೆ ರಾತ್ರಿ ಕಳೆಯಲು ಜಾಗ ಯಾರು ಕೊಡುತ್ತಾರೆ, ಅದರ ಖರ್ಚನ್ನು ಯಾರು ಹೊರುತ್ತಾರೆ ಎಂಬ ಪ್ರಶ್ನೆ ಈ ಸೀಮೆಯ ಪ್ರತಿ ಊರಿಗೂ ಹಳೆಯದು.

ಈ ಹಾದಿಯಲ್ಲಿ ಓಡಾಟ ಎಷ್ಟಿತ್ತು ಎಂಬುದನ್ನು 1837ರ ಅಮರ ಸುಳ್ಯ ದಂಗೆಯೇ ತೋರಿಸುತ್ತದೆ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು, ಅಲ್ಲಿಯವರೆಗೆ ಹಾಲೇರಿ ಅರಸರ ಕೈಯಲ್ಲಿದ್ದ ಅಮರ ಸುಳ್ಯ ಭಾಗವನ್ನು ಅಂದಿನ ಕೆನರಾ ಜಿಲ್ಲೆಗೆ ಸೇರಿಸಿದರು. ಧಾನ್ಯರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲೇ ಕೊಡಬೇಕು ಎಂದಾಗ ರೈತರು ಸಿಡಿದೆದ್ದರು. ಬೆಳ್ಳಾರೆಯ ಖಜಾನೆ ಹಿಡಿದ ದಂಡು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ದಾಟಿ ಏಪ್ರಿಲ್ ಮೊದಲ ವಾರಕ್ಕೆ ಮಂಗಳೂರು ತಲುಪಿತು. ಗಾಡಿಯವರು, ವ್ಯಾಪಾರಿಗಳು, ಯಾತ್ರಿಕರು ಸವೆಸಿದ ದಾರಿಯೇ ದಂಡಿಗೂ ದಾರಿಯಾಯಿತು.

ಅಂದಿನ ಪ್ರಯಾಣಿಕನಿಗೆ ಮೊದಲ ಆಸರೆ ಮನೆಗಳೇ. ಅಪರಿಚಿತನಾದರೂ ಹೊತ್ತು ಮುಳುಗುವಾಗ ಅಂಗಳಕ್ಕೆ ಬಂದವನನ್ನು ವಾಪಸು ಕಳಿಸುವ ಪದ್ಧತಿ ಇರಲಿಲ್ಲ. ಕೈಕಾಲು ತೊಳೆಯಲು ಚೆಂಬಿನಲ್ಲಿ ನೀರು, ಜಗಲಿಯಲ್ಲಿ ಕೂತ ಮೇಲೆ ಬೆಲ್ಲ ನೀರು, ಆಮೇಲೆ ಎಲೆ ಅಡಿಕೆಯ ತಟ್ಟೆ, ಊಟವಾದ ಬಳಿಕ ಅದೇ ಜಗಲಿಯಲ್ಲಿ ಚಾಪೆ: ಉಪಚಾರದ ಕ್ರಮ ಇದು. ಮನೆಯ ಒಳಗೆ ಎಷ್ಟು ದೂರ ಬರಬಹುದು, ಯಾರ ಜೊತೆ ಕೂತು ಉಣ್ಣಬಹುದು ಎಂಬುದನ್ನು ಮಾತ್ರ ಜಾತಿ ತೀರ್ಮಾನಿಸುತ್ತಿತ್ತು. ಅಂಗಳದ ಆಚೆಯೇ ನಿಲ್ಲಬೇಕಾದವರೂ ಇದ್ದರು ಎಂಬುದನ್ನು ಬಿಟ್ಟು ಅಂದಿನ ಅತಿಥಿ ಸತ್ಕಾರವನ್ನು ಹೊಗಳುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಕ್ಷೇತ್ರಗಳಲ್ಲಿ ಮನೆಗಳ ಜೊತೆಗೆ ಮಠ, ಛತ್ರಗಳಿದ್ದವು. ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋದವರು ಅಲ್ಲಿನ ಮಠ, ವೈದಿಕರ ಮನೆಗಳನ್ನು ಆಶ್ರಯಿಸುತ್ತಿದ್ದರು. ಛತ್ರದ ಹಿಂದಿನ ಹಣಕಾಸು ಸರಳ. ಅರಸನೋ ಶ್ರೀಮಂತನೋ ಭೂಮಿ ಬಿಟ್ಟುಕೊಡುತ್ತಾನೆ. ಆ ಭೂಮಿಯ ಹುಟ್ಟುವಳಿಯಿಂದ ಅಕ್ಕಿ, ಎಣ್ಣೆ, ಅಡುಗೆಯವನ ಸಂಬಳ ನಡೆಯುತ್ತದೆ. ತಂಗುವವನು ಏನೂ ಕೊಡಬೇಕಿಲ್ಲ. ದಾನಿಗೆ ಸಿಗುವುದು ಪುಣ್ಯ ಮತ್ತು ಶಾಸನದಲ್ಲಿ ಹೆಸರು. ಮುಂದೆ ಈ ಏರ್ಪಾಡಿನಲ್ಲಿ ಒಂದು ಬದಲಾವಣೆ ಬಂತು. ತಿರುಮಲದಂಥ ದೊಡ್ಡ ಕ್ಷೇತ್ರಗಳಲ್ಲಿ ವಸತಿಗೃಹ ಕಟ್ಟಿಸಲು ಹಣ ಕೊಟ್ಟ ದಾನಿಗೆ ವರ್ಷದಲ್ಲಿ ಇಂತಿಷ್ಟು ದಿನ ಅಲ್ಲಿ ಉಳಿಯುವ ಸೌಲಭ್ಯ ದೊರೆಯಿತು. ಉಳಿದ ದಿನ ಅದು ಬೇರೆ ಯಾತ್ರಿಕರದ್ದು. ಮುಂಗಡ ಹಣ ಕೊಟ್ಟು, ಕಟ್ಟಡದ ಒಡೆತನ ಪಡೆಯದೆ, ವರ್ಷದ ಕೆಲವು ದಿನಗಳ ತಂಗುವ ಹಕ್ಕನ್ನು ಮಾತ್ರ ಪಡೆಯುವ ಈ ಕ್ರಮ ಲಾಭದ ವ್ಯವಹಾರವಲ್ಲ. ಆದರೂ ಟೈಮ್‌ಶೇರ್ ಎಂಬ ವ್ಯಾಪಾರದ ಮೂಲ ಕಲ್ಪನೆ ಇದರಲ್ಲೇ ಇದೆ.

ಬ್ರಿಟಿಷರ ಕಾಲದ ಪ್ರವಾಸಿ ಬಂಗಲೆಗಳು ಮೊದಲು ಅಧಿಕಾರಿಗಳಿಗೆ, ಜಾಗ ಮಿಕ್ಕರೆ ಇತರರಿಗೆ. ಬಾಡಿಗೆ ಕೊಟ್ಟವರಿಗೆಲ್ಲ ಕೋಣೆ ಎಂಬ ಲಾಡ್ಜಿನ ಪದ್ಧತಿ ಬೇರೂರಿದ್ದು ಬಸ್ಸು ಬಂದ ಮೇಲೆ. ಇದರಲ್ಲಿ ಕರಾವಳಿಯವರ ಪಾತ್ರ ದೊಡ್ಡದು. ಕಡಂದಲೆ ಕೃಷ್ಣರಾಯರು 1930ರ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದು, ಊಟವೂ ಕೋಣೆಯೂ ಒಂದೇ ಸೂರಿನಡಿ ಸಿಗುವ ಮಾದರಿಯನ್ನು ದಕ್ಷಿಣ ಭಾರತಕ್ಕೆಲ್ಲ ಪರಿಚಯಿಸಿದರು. ಪುತ್ತೂರು, ಸುಳ್ಯದ ಪೇಟೆಗಳಲ್ಲೂ ‘ಬೋರ್ಡಿಂಗ್ ಆ್ಯಂಡ್ ಲಾಡ್ಜಿಂಗ್’ ಫಲಕಗಳು ಕಾಣತೊಡಗಿದವು. ಕ್ರಮೇಣ ದುಡ್ಡು ಕೊಟ್ಟವನ ಜಾತಿಯನ್ನು ಕೇಳದಂತಾದ ಕೋಣೆಯೇ ಲಾಡ್ಜಿನ ದೊಡ್ಡ ಕೊಡುಗೆ. ಕುಕ್ಕೆಯಲ್ಲಿ ವಸತಿಯ ಬೇಡಿಕೆ ಬೆಳೆಯಲು ಎರಡು ಕಾರಣ. ಸರ್ಪಸಂಸ್ಕಾರ ಸೇವೆಗೆ ಎರಡು ದಿನ ಬೇಕು, ಹಾಗಾಗಿ ಹರಕೆ ಹೊತ್ತವರು ರಾತ್ರಿ ಉಳಿಯಲೇಬೇಕು. ಜೊತೆಗೆ 1979ರಲ್ಲಿ ಮಂಗಳೂರು–ಹಾಸನ ರೈಲು ಮಾರ್ಗ ಪೂರ್ಣಗೊಂಡು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣ ಬಂತು. ಹಳಿ ಬದಲಾವಣೆಗಾಗಿ 1996ರಲ್ಲಿ ನಿಂತ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ.

ಇದುವರೆಗಿನ ತಂಗುದಾಣಗಳೆಲ್ಲ ಬೇರೆ ಕೆಲಸಕ್ಕೆ ಹೊರಟವರಿಗಾಗಿ ಇದ್ದವು. ತಂಗುವುದಕ್ಕೆಂದೇ ಊರು ಬಿಡುವ ಪ್ರವಾಸ ಬೆಳೆದದ್ದು ಮಧ್ಯಮವರ್ಗದ ಕೈಯಲ್ಲಿ ಸಂಬಳ, ರಜೆ ಎರಡೂ ಸೇರಿದ ಮೇಲೆ. ರಾಜ್ಯ ಸರ್ಕಾರದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ 1971ರಲ್ಲಿ, ಜಂಗಲ್ ಲಾಡ್ಜಸ್ 1980ರಲ್ಲಿ ಹುಟ್ಟಿದವು. ಅದೇ ಹೊತ್ತಿಗೆ ಯುರೋಪಿನಲ್ಲಿ ಟೈಮ್‌ಶೇರ್, ಅಂದರೆ ರೆಸಾರ್ಟಿನ ವಾರಗಳನ್ನು ಮಾರುವ ವ್ಯಾಪಾರ, ಬೇರುಬಿಟ್ಟಿತ್ತು. ಸ್ವಿಟ್ಜರ್ಲೆಂಡಿನ ಹಪಿಮಾಗ್ ಶುರುವಾದದ್ದು 1963ರಲ್ಲಿ. 1974ರಲ್ಲಿ ಅಮೆರಿಕದಲ್ಲಿ ಆರ್‌ಸಿಐ ಎಂಬ ವಿನಿಮಯ ಸಂಸ್ಥೆ ಬಂದ ಮೇಲೆ, ಒಂದು ರೆಸಾರ್ಟಿನ ವಾರ ಕೊಂಡವರು ಅದನ್ನು ಒಪ್ಪಿಸಿ ಇನ್ನೊಂದು ಊರಿನ ವಾರ ಪಡೆಯುವುದು ಸಾಧ್ಯವಾಯಿತು. ವಾರದ ಬದಲು ಅಂಕ ಕೊಡುವ ಕ್ರಮವೂ ಬಂತು. 1991ರಲ್ಲಿ ಡಿಸ್ನಿ ಸಂಸ್ಥೆ ತನ್ನ ರಜಾ ಕ್ಲಬ್ಬನ್ನು ಅಂಕಗಳ ಮೇಲೆಯೇ ಕಟ್ಟಿತು. ಸದಸ್ಯನ ಖಾತೆಗೆ ವರ್ಷಕ್ಕೆ ಇಂತಿಷ್ಟು ಅಂಕ. ಜನ ಕಡಿಮೆ ಬರುವ ದಿನಗಳಿಗೆ ಅಂಕ ಕಡಿಮೆ, ಹಬ್ಬ ಮತ್ತು ಶಾಲಾ ರಜೆಗೆ ಹೆಚ್ಚು.

ಭಾರತದಲ್ಲಿ ಈ ವ್ಯಾಪಾರಕ್ಕೆ ದಾರಿ ಮಾಡಿದ್ದು 1986ರಲ್ಲಿ ಶುರುವಾದ ಸ್ಟರ್ಲಿಂಗ್ ಹಾಲಿಡೇ ರೆಸಾರ್ಟ್ಸ್. 1996ರಲ್ಲಿ ಮಹೀಂದ್ರಾ ಹಾಲಿಡೇಸ್ ಸ್ಥಾಪನೆಯಾಯಿತು. ಅದರ ಕ್ಲಬ್ ಮಹೀಂದ್ರಾ ಮಡಿಕೇರಿ, ವಿರಾಜಪೇಟೆಗಳಲ್ಲಿ ರೆಸಾರ್ಟ್ ತೆರೆದಾಗ ಟೈಮ್‌ಶೇರ್ ಸುಳ್ಯದಿಂದ ಸುಮಾರು 50 ಕಿಲೋಮೀಟರ್ ದೂರಕ್ಕೆ ಬಂದಂತಾಯಿತು. ಈ ಕ್ಲಬ್ಬು ಮಾರುತ್ತಾ ಬಂದ ಪ್ರಮುಖ ಸದಸ್ಯತ್ವದ ಅವಧಿ 25 ವರ್ಷ, ವರ್ಷಕ್ಕೆ 7 ದಿನ. ವರ್ಷದ ದಿನಗಳಿಗೆ ಪರ್ಪಲ್, ರೆಡ್, ವೈಟ್, ಬ್ಲೂ ಎಂದು ಬಣ್ಣ. ಬೇಡಿಕೆ ತೀರಾ ಹೆಚ್ಚಿರುವ ದಿನಗಳು ಪರ್ಪಲ್, ತೀರಾ ಕಡಿಮೆಯವು ಬ್ಲೂ. ಮೊದಲು ಕೊಟ್ಟ ಹಣದ ಮೇಲೆ ಪ್ರತಿ ವರ್ಷ ನಿರ್ವಹಣೆಯ ಶುಲ್ಕ ಬೇರೆ.

ದಕ್ಷಿಣ ಕನ್ನಡದವರಿಗೆ ಟೈಮ್‌ಶೇರ್ ಅರ್ಥವಾಗಲು ಹಳೆಯ ಗೇಣಿ ಪದ್ಧತಿಯೇ ಸಾಕು. 1974ರ ಭೂಸುಧಾರಣೆಗೆ ಮೊದಲು ಇಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆ ಇದ್ದವು. ಮೂಲಗೇಣಿದಾರನ ಹಕ್ಕು ಕಾಯಂ, ಅವನ ಗೇಣಿಯೂ ನಿಶ್ಚಿತ. ಚಾಲಗೇಣಿದಾರನನ್ನು ಧಣಿ ಬೇಕಾದಾಗ ಬಿಡಿಸಬಹುದಿತ್ತು. ಎಷ್ಟೋ ಮೂಲಗೇಣಿದಾರರು ತಮ್ಮ ಭೂಮಿಯನ್ನು ತಾವೇ ಸಾಗುವಳಿ ಮಾಡದೆ ಚಾಲಗೇಣಿಗೆ ಕೊಡುತ್ತಿದ್ದರು. ಟೈಮ್‌ಶೇರ್ ಕೊಂಡವನು ತಾನು ಮೂಲಗೇಣಿದಾರ ಎಂದುಕೊಳ್ಳುತ್ತಾನೆ. ಆದರೆ ಅವನ ಹಕ್ಕಿಗೆ ಅವಧಿಯಿದೆ, ವಾರ್ಷಿಕ ಶುಲ್ಕವೂ ಏರುತ್ತಾ ಹೋಗುತ್ತದೆ; ಮೂಲಗೇಣಿಯ ಮುಖ್ಯ ಗುಣವೇ ಅದರಲ್ಲಿಲ್ಲ. ತಾನು ಬಳಸದ ದಿನಗಳನ್ನು ಅವನು ಬೇರೆಯವರಿಗೆ ಬಾಡಿಗೆಗೆ ಕೊಡುವುದೂ ಉಂಟು. ಅವನಿಂದ ಅಂಕಗಳನ್ನೋ ದಿನಗಳನ್ನೋ ಬಾಡಿಗೆಗೆ ಪಡೆದು ರೆಸಾರ್ಟಿಗೆ ಹೋಗುವವನ ಸ್ಥಿತಿ ಮೂಲಗೇಣಿದಾರನ ಕೈಕೆಳಗಿನ ಚಾಲಗೇಣಿಯವನದ್ದು. ಅವನ ಮಾತುಕತೆಯೆಲ್ಲ ನಡುವಿನವನ ಜೊತೆ, ಧಣಿಯ ಪುಸ್ತಕದಲ್ಲಿ ಅವನ ಹೆಸರಿಲ್ಲ.

ಹಾಗಿದ್ದರೂ ಜನ ಬಾಡಿಗೆಗೆ ಪಡೆಯುವುದೇಕೆ ಎಂಬುದಕ್ಕೆ ಲೆಕ್ಕದಲ್ಲೇ ಉತ್ತರವಿದೆ. ಒಂದು ಸದಸ್ಯತ್ವಕ್ಕೆ 4 ಲಕ್ಷ ರೂಪಾಯಿ, ವಾರ್ಷಿಕ ಶುಲ್ಕ 20,000 ರೂಪಾಯಿ ಎಂದು ಇಟ್ಟುಕೊಳ್ಳೋಣ. 25 ವರ್ಷಕ್ಕೆ 175 ರಾತ್ರಿ. ಎಲ್ಲವನ್ನೂ ಬಳಸಿದರೆ ಮೊದಲ ಹಣದ ಪಾಲು ರಾತ್ರಿಗೆ ಸುಮಾರು 2,290 ರೂಪಾಯಿ, ಶುಲ್ಕದ ಪಾಲು ಸುಮಾರು 2,860. ಒಟ್ಟು 5,150ರ ಆಸುಪಾಸು. ವರ್ಷಕ್ಕೆ 4 ರಾತ್ರಿ ಮಾತ್ರ ಬಳಸಿದರೆ ಅದೇ ಕೋಣೆ ರಾತ್ರಿಗೆ 9,000 ರೂಪಾಯಿಗೆ ಬಿದ್ದಂತೆ. 4 ಲಕ್ಷವನ್ನು ಶೇ. 6ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟಿದ್ದರೆ ವರ್ಷಕ್ಕೆ ಬರುತ್ತಿದ್ದ 24,000 ರೂಪಾಯಿ ಈ ಲೆಕ್ಕದಲ್ಲಿ ಸೇರಿಲ್ಲ. ಸದಸ್ಯ ಹೋಗಲಾಗದ ವರ್ಷವೂ ಶುಲ್ಕ ಕಟ್ಟಲೇಬೇಕು. ಆದ್ದರಿಂದ ದಿನಗಳು ವ್ಯರ್ಥವಾಗುವ ಬದಲು ಆ ಶುಲ್ಕವಾದರೂ ಗಿಟ್ಟಲಿ ಎಂದು ಅವನು ರಾತ್ರಿಗೆ 3,000 ರೂಪಾಯಿಗೂ ಬಿಟ್ಟುಕೊಟ್ಟಾನು. ಬಾಡಿಗೆಗೆ ಪಡೆದವನಿಗೆ ಮೊದಲ 4 ಲಕ್ಷದ ಭಾರ ತಟ್ಟುವುದೇ ಇಲ್ಲ. ಒಬ್ಬನ ನಷ್ಟವೇ ಇನ್ನೊಬ್ಬನ ರಿಯಾಯಿತಿ.

ಆ ರಿಯಾಯಿತಿಗೆ ತೆರುವ ಬೆಲೆ ಬೇರೆ ರೂಪದಲ್ಲಿದೆ. ಬುಕಿಂಗ್ ಮಾಡಬೇಕಾದವನು ಸದಸ್ಯ. ರದ್ದು ಮಾಡುವ ಅಧಿಕಾರವೂ ಅವನದ್ದೇ. ಸದಸ್ಯತ್ವವನ್ನು ಬಾಡಿಗೆಯ ವ್ಯಾಪಾರಕ್ಕೆ ಬಳಸಬಾರದು ಎಂಬ ನಿಯಮವಿರುವ ಕ್ಲಬ್ಬುಗಳಿವೆ. ಅಲ್ಲಿ ಬಂದವನನ್ನು ಸದಸ್ಯನ ಅತಿಥಿ ಎಂದಷ್ಟೇ ನೋಡುತ್ತಾರೆ. ಕೊಟ್ಟ ಹಣಕ್ಕೆ ರೆಸಾರ್ಟಿನ ರಸೀದಿ ಇರುವುದಿಲ್ಲ. ಊಟ, ತಿಂಡಿಯ ಖರ್ಚು ಸಾಮಾನ್ಯವಾಗಿ ಇದರ ಹೊರಗೆ. ನೇರವಾಗಿ ಕೋಣೆ ಕಾದಿರಿಸಿದವನು ಹೆಚ್ಚು ಕೊಟ್ಟರೂ ಅವನ ಒಪ್ಪಂದ ರೆಸಾರ್ಟಿನೊಂದಿಗೇ ಇರುತ್ತದೆ. ರಸೀದಿ ಕೈಯಲ್ಲಿದ್ದರೆ ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವುದೂ ಸುಲಭ.

ಕಾನೂನಿನ ರಕ್ಷಣೆಯಲ್ಲೂ ಭಾರತ ಹಿಂದಿದೆ. ಯುರೋಪಿನ ಒಕ್ಕೂಟ 2008ರ ನಿರ್ದೇಶನದ ಮೂಲಕ, ಟೈಮ್‌ಶೇರ್ ಕೊಂಡವರು 14 ದಿನಗಳೊಳಗೆ ಕಾರಣ ಕೊಡದೆ ಹಿಂದೆ ಸರಿಯಬಹುದು ಎಂದು ಮಾಡಿತು. ಭಾರತದಲ್ಲಿ ಟೈಮ್‌ಶೇರ್‌ಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಒಪ್ಪಂದದ ಕಾನೂನು, ಗ್ರಾಹಕ ರಕ್ಷಣಾ ಕಾಯ್ದೆಗಳೇ ಗತಿ. ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಕಂಪನಿಯ ಪ್ರಕರಣ ಈ ಕೊರತೆ ಎಷ್ಟು ದೊಡ್ಡದೆಂದು ತೋರಿಸಿತು. ಅದು ಮಾರಿದ್ದು ಹೋಟೆಲ್ ಕೋಣೆಯ ರಾತ್ರಿಗಳನ್ನು. ಬಳಸದೆ ಬಿಟ್ಟರೆ ಅವಧಿಯ ಕೊನೆಗೆ ಹಣ ಸಿಗುತ್ತದೆ ಎಂಬ ಭರವಸೆಯೂ ಜೊತೆಗಿತ್ತು. ಇದು ತಂಗುವ ಸೌಲಭ್ಯದ ಮಾರಾಟವಲ್ಲ, ಅನುಮತಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಎಂದು ಷೇರುಪೇಟೆ ನಿಯಂತ್ರಕ ಸೆಬಿ ತೀರ್ಮಾನಿಸಿ, 2016ರಲ್ಲಿ 7,000 ಕೋಟಿ ರೂಪಾಯಿಗೂ ಮಿಕ್ಕ ಹಣವನ್ನು ಹಿಂತಿರುಗಿಸಲು ಆದೇಶಿಸಿತು. ಹಣ ತೊಡಗಿಸಿದವರ ಸಂಖ್ಯೆ ಸುಮಾರು 50 ಲಕ್ಷ. ಎಲ್ಲ ಟೈಮ್‌ಶೇರ್ ಸಂಸ್ಥೆಗಳನ್ನೂ ಇದೇ ಸಾಲಿಗೆ ಸೇರಿಸಲಾಗದು. ಆದರೆ ತಂಗುವ ದಿನಗಳನ್ನು ಹೂಡಿಕೆ ಎಂದು ಯಾರಾದರೂ ಮಾರಲು ಬಂದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಟೈಮ್‌ಶೇರ್‌ನ ಜೊತೆಜೊತೆಗೇ ಕೊಡಗಿನಲ್ಲಿ ಹೋಂಸ್ಟೇ ಬೆಳೆಯಿತು. ಕಾಫಿ ಬೆಲೆ ಕುಸಿದ ವರ್ಷಗಳಲ್ಲಿ ತೋಟದ ಮನೆಯ ಕೋಣೆಗಳು ಆದಾಯದ ದಾರಿಯಾದವು. ಕುಮಾರಪರ್ವತ ಹತ್ತುವವರಿಗೆ ಗಿರಿಗದ್ದೆಯ ಭಟ್ಟರ ಮನೆ ಊಟ, ಆಸರೆ ಕೊಡುತ್ತಿದ್ದುದು ಇದಕ್ಕೂ ಹಿಂದಿನಿಂದ. ಸುಳ್ಯ, ಕಡಬದ ಅಡಿಕೆ ತೋಟಗಳ ನಡುವೆಯೂ ಈಗ ಹೋಂಸ್ಟೇಗಳಿವೆ. ಅತಿಥಿ ಮತ್ತೆ ಮನೆಗೇ ಬಂದಿದ್ದಾನೆ, ಈ ಸಲ ಬಾಡಿಗೆ ಕೊಟ್ಟು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿ ಸುತ್ತ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿ ಮುಚ್ಚಿದಾಗ ರೆಸಾರ್ಟು, ಹೋಂಸ್ಟೇ ಎರಡೂ ಖಾಲಿಯಾದವು. ಒಂದು ರಾತ್ರಿಗೆ ಕೋಣೆ ಹಿಡಿಯುವವನು ಅಂಥ ವರ್ಷ ಬೇರೆ ಕಡೆ ಹೋಗಬಹುದು, ಹೋಗದೆಯೂ ಇರಬಹುದು. 25 ವರ್ಷದ ಸದಸ್ಯನಿಗೆ ಆ ವರ್ಷದ ಶುಲ್ಕ ತಪ್ಪುವುದಿಲ್ಲ.

ಐವರ್ನಾಡಿನಂಥ ಊರಿನ ಕೃಷಿಕ ಕುಟುಂಬಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ಅದರ ವರ್ಷಚಕ್ರವೇ ಹೇಳುತ್ತದೆ. ನವೆಂಬರಿನಿಂದ ಅಡಿಕೆ ಕೊಯ್ಲು, ಒಣಗಿಸುವುದು, ಬೇಸಿಗೆಯುದ್ದಕ್ಕೂ ತೋಟಕ್ಕೆ ನೀರು. ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆಯವರೆಗೆ ಜಾತ್ರೆ, ನೇಮ, ಮದುವೆಗಳ ಓಡಾಟ. ಏಪ್ರಿಲ್ 10ರಿಂದ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ನೆಂಟರು. ಮಕ್ಕಳ ರಜೆ ಏಪ್ರಿಲ್–ಮೇಯಲ್ಲಿ, ಅಂದರೆ ರೆಸಾರ್ಟಿನ ಅತಿ ದುಬಾರಿ ದಿನಗಳಲ್ಲಿ. ಮಳೆ ಹಿಡಿದ ಮೇಲೆ ಆಟಿ ತಿಂಗಳಲ್ಲಿ ಸಮಾರಂಭಗಳಿಲ್ಲ, ಸ್ವಲ್ಪ ಬಿಡುವಿದೆ. ಆದರೆ ಮಳೆ ನಡುವೆ ಬಿಸಿಲು ಕಂಡ ದಿನವೇ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕು, ಮದ್ದು ಬಿಡುವವರು ಸಿಕ್ಕಾಗ ಮನೆಯಲ್ಲಿರಲೇಬೇಕು. ತಿಂಗಳುಗಳ ಮೊದಲೇ ದಿನ ಗೊತ್ತುಮಾಡಿ ಕಾಯ್ದಿರಿಸುವ ಸದಸ್ಯತ್ವ ಈ ಬದುಕಿಗೆ ಹೊಂದುವುದಿಲ್ಲ. ಬಿಡುವು ಸಿಕ್ಕಾಗ ನೇರವಾಗಿ ಕೋಣೆ ಹಿಡಿಯುವುದೇ ಇಂಥವರಿಗೆ ಲೇಸು. ಪರಿಚಯದ, ನಂಬಿಕೆಯ ಸದಸ್ಯರು ದಿನ ಬಿಟ್ಟುಕೊಟ್ಟರೆ ಪಡೆಯಬಹುದು. ಆಗಲೂ ಬುಕಿಂಗ್‌ನಲ್ಲಿ ಅತಿಥಿಯಾಗಿ ತಮ್ಮ ಹೆಸರು ಇದೆಯೇ ಎಂದು ರೆಸಾರ್ಟಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆಯೇ ಹಣ ಕೊಡಬೇಕು.